ಶಾರ್ಟ್ ಮಾಡಿದರೆ ಮೌನ, ಕಾಯಿಲ್ ಹಾಕಿದರೆ ಗಲಾಟೆ: ಸರ್ಚ್ ಕಾಯಿಲ್ ಪ್ರೀಆಂಪ್‌ನ ಒಂದು ದೋಷವನ್ನು ಹಿಡಿದ ಬಗೆ

ದೋಷ ಹೀಗಿತ್ತು. ಪ್ರೀಆಂಪ್ ಅಂದರೆ ಸೆನ್ಸರ್‌ನ ಸಣ್ಣ ಸಿಗ್ನಲ್ ಅನ್ನು ಮೊದಲು ದೊಡ್ಡದು ಮಾಡುವ ಸರ್ಕ್ಯೂಟ್. ಅದರ ಇನ್‌ಪುಟ್‌ನ ಎರಡು ತುದಿ ಒಂದಕ್ಕೊಂದು ಸೇರಿಸಿ ಶಾರ್ಟ್ ಮಾಡಿದರೆ ನಾಯ್ಸ್, ಅಂದರೆ ಬೇಡದ ಗಲಾಟೆ, ಚಿಪ್‌ನ ಡೇಟಾಶೀಟಿನಲ್ಲಿ ಬರೆದಷ್ಟೇ ಇರುತ್ತಿತ್ತು. ಅದೇ ಇನ್‌ಪುಟ್‌ಗೆ ಸೆನ್ಸರ್ ಕಾಯಿಲ್ ಜೋಡಿಸಿದರೆ 1 ಕಿಲೋಹರ್ಟ್ಜ್ ಹತ್ತಿರ ನಾಯ್ಸ್ ಲೆಕ್ಕಕ್ಕಿಂತ ಇಪ್ಪತ್ತು ಪಟ್ಟು ಏರುತ್ತಿತ್ತು. 10 ಹರ್ಟ್ಜ್‌ನಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಫ್ರೀಕ್ವೆನ್ಸಿ ಏರಿದಂತೆ ನಾಯ್ಸ್ ಕೂಡ ಗುಡ್ಡ ಹತ್ತಿದ ಹಾಗೆ ಏರಿ, 2.5 ಕಿಲೋಹರ್ಟ್ಜ್‌ನಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತಿತ್ತು.

ನಾನು ತುಮಕೂರಿನಲ್ಲಿ ಒಂದು ಪುಟ್ಟ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಉಪಗ್ರಹದಲ್ಲಿ ಕೂರುವ ಕಾಂತ ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯಲು ನಾಲ್ಕು ಹುಡುಗ ಹುಡುಗಿಯರ ಜೊತೆ ಕೂತು ಮಾಡಿದ ಮಾದರಿ ಇದು. ಈ ದೋಷ ನಮ್ಮ ಮೂರು ವಾರ ತಿಂದಿತು. ಇದೇ ದಾರಿಯಲ್ಲಿ ಬರುವ ಬೇರೆಯವರಿಗೆ ಅದು ಮೂರು ಗಂಟೆಯಲ್ಲಿ ಸಿಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸೆನ್ಸರ್ ಬಗ್ಗೆ ಎರಡು ಮಾತು. ಬಾಹ್ಯಾಕಾಶದಲ್ಲಿ ಕಾಂತಕ್ಷೇತ್ರ ಅಳೆಯಲು ಮುಖ್ಯವಾಗಿ ಎರಡು ಬಗೆಯ ಸೆನ್ಸರ್ ಬಳಸುತ್ತಾರೆ. ನಿಂತ ಕ್ಷೇತ್ರವನ್ನೂ ನಿಧಾನವಾಗಿ ಬದಲಾಗುವ ಕ್ಷೇತ್ರವನ್ನೂ ಅಳೆಯಲು ಫ್ಲಕ್ಸ್‌ಗೇಟ್. ಆದಿತ್ಯ-ಎಲ್1 ನೌಕೆಯಲ್ಲಿ ಇರುವುದು ಅದೇ. ಬೇಗ ಬದಲಾಗುವ ಅಲೆಗಳಿಗೆ ಸರ್ಚ್ ಕಾಯಿಲ್. ಪಾರ್ಕರ್ ಸೋಲಾರ್ ಪ್ರೋಬ್, ಸೋಲಾರ್ ಆರ್ಬಿಟರ್, ಥೆಮಿಸ್, ಎಂಎಂಎಸ್ ನೌಕೆಗಳೆಲ್ಲ ಸರ್ಚ್ ಕಾಯಿಲ್ ಹೊತ್ತುಕೊಂಡು ಹೋದವು. ಕಾಂತ ಗುಣದ ಕೋರ್ ಒಂದು, ಅದರ ಸುತ್ತ ಸಾವಿರಾರು ಸುತ್ತು ಸಣ್ಣ ತಂತಿ. ಕ್ಷೇತ್ರ ಅಲುಗಿದರೆ ತಂತಿಯ ತುದಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಅಷ್ಟೇ ಸರಳ. ಕಷ್ಟ ಇರುವುದು ಆ ವೋಲ್ಟೇಜ್ ಎಷ್ಟು ಸಣ್ಣದು ಎನ್ನುವುದರಲ್ಲಿ.

ನಮ್ಮ ಕಾಯಿಲ್‌ನ ಜಾತಕ ಇಲ್ಲಿದೆ. 25 ಸೆಂಟಿಮೀಟರ್ ಉದ್ದ, 10 ಮಿಲಿಮೀಟರ್ ದಪ್ಪದ ಫೆರೈಟ್ ಕೋರ್. 0.1 ಮಿಲಿಮೀಟರ್ ತಂತಿ, 20,000 ಸುತ್ತು. ಡಿಸಿ ರೆಸಿಸ್ಟೆನ್ಸ್ 2.8 ಕಿಲೋ ಓಮ್. ಇಂಡಕ್ಟೆನ್ಸ್ ಸುಮಾರು 20 ಹೆನ್ರಿ. ಸುತ್ತುಗಳ ನಡುವಿನ ಕೆಪಾಸಿಟೆನ್ಸ್ 200 ಪಿಕೋಫ್ಯಾರಡ್ ಆಸುಪಾಸು, ಹಾಗಾಗಿ ರೆಸೊನೆನ್ಸ್, ಅಂದರೆ ಕಾಯಿಲ್ ತಾನಾಗಿ ಮಿಡಿಯುವ ಫ್ರೀಕ್ವೆನ್ಸಿ, 2.5 ಕಿಲೋಹರ್ಟ್ಜ್ ಹತ್ತಿರ. ಉದ್ದನೆಯ ಕೋರ್ ಕ್ಷೇತ್ರವನ್ನು ಸುಮಾರು 150 ಪಟ್ಟು ಒಟ್ಟುಮಾಡಿ ಒಳಗೆ ಎಳೆದುಕೊಳ್ಳುತ್ತದೆ. ಈ ಎಲ್ಲ ಅಂಕಿ ಹಾಕಿ ಗುಣಿಸಿದರೆ, 10 ಹರ್ಟ್ಜ್‌ನಲ್ಲಿ 1 ಪಿಕೋಟೆಸ್ಲಾ ಕ್ಷೇತ್ರಕ್ಕೆ ಸಿಗುವುದು ಸುಮಾರು 15 ನ್ಯಾನೋವೋಲ್ಟ್. ನಮ್ಮೂರಿನ ನೆಲದ ಮೇಲೆ ಭೂಮಿಯ ಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ, ಅಂದರೆ 4 ಕೋಟಿ ಪಿಕೋಟೆಸ್ಲಾ. ಅದರ ಮಧ್ಯೆ ಒಂದು ಪಿಕೋಟೆಸ್ಲಾ ಅಲುಗಾಟ ಹಿಡಿಯಬೇಕು.

ಎಷ್ಟು ಇರಬೇಕು ಎಂದು ಮೊದಲು ಲೆಕ್ಕ ಹಾಕಿ

ನಾಯ್ಸ್ ಜಾಸ್ತಿ ಇದೆ ಎಂದು ಯಾರಾದರೂ ಲ್ಯಾಬಿಗೆ ಬಂದರೆ ನಾನು ಈಗ ಮೊದಲು ಕೇಳುವುದು, ಎಷ್ಟಿರಬೇಕಿತ್ತು ಅಂತ. ಉತ್ತರ ಇಲ್ಲದಿದ್ದರೆ ಸೋಲ್ಡರಿಂಗ್ ಐರನ್ ಮುಟ್ಟಲು ಬಿಡುವುದಿಲ್ಲ.

ಲೆಕ್ಕ ದೊಡ್ಡದೇನಲ್ಲ. ಯಾವ ರೆಸಿಸ್ಟರ್ ಆದರೂ ಬಿಸಿಯಿಂದಾಗಿ ತಾನಾಗಿ ನಾಯ್ಸ್ ಹುಟ್ಟಿಸುತ್ತದೆ. ಕೋಣೆಯ ತಾಪದಲ್ಲಿ 1 ಕಿಲೋ ಓಮ್‌ಗೆ ರೂಟ್ ಹರ್ಟ್ಜ್‌ಗೆ 4 ನ್ಯಾನೋವೋಲ್ಟ್ ಎಂದು ಬಾಯಿಪಾಠ ಮಾಡಿಕೊಳ್ಳಿ. ನಾಯ್ಸ್ ಫ್ರೀಕ್ವೆನ್ಸಿಯ ಅಗಲದ ವರ್ಗಮೂಲದಂತೆ ಏರುವುದರಿಂದ ಅಳತೆ ಹೀಗೆ. ಮುಂದೆ ಬರೀ ನ್ಯಾನೋವೋಲ್ಟ್ ಎಂದು ಬರೆಯುತ್ತೇನೆ, ರೂಟ್ ಹರ್ಟ್ಜ್ ನೀವೇ ಸೇರಿಸಿಕೊಳ್ಳಿ. ರೆಸಿಸ್ಟೆನ್ಸ್ ನಾಲ್ಕು ಪಟ್ಟಾದರೆ ನಾಯ್ಸ್ ಎರಡು ಪಟ್ಟು. ನಮ್ಮ ಕಾಯಿಲ್‌ನ 2.8 ಕಿಲೋ ಓಮ್‌ಗೆ 6.8 ನ್ಯಾನೋವೋಲ್ಟ್. ಕೋರ್‌ನ ನಷ್ಟದಿಂದ ಇನ್ನು ಚೂರು ಸೇರುತ್ತದೆ. ಇದು ಕಾಯಿಲ್‌ನ ಹುಟ್ಟುಗುಣ. ಎಂಥ ಆಂಪ್ಲಿಫೈಯರ್ ಹಾಕಿದರೂ ಇದಕ್ಕಿಂತ ಕೆಳಗೆ ಇಳಿಯಲು ಆಗುವುದಿಲ್ಲ.

ಇಂಡಕ್ಟೆನ್ಸ್ ಮಾತ್ರ ತಾನಾಗಿ ನಾಯ್ಸ್ ಹುಟ್ಟಿಸುವುದಿಲ್ಲ. ಈ ವಾಕ್ಯ ನೆನಪಿಟ್ಟುಕೊಳ್ಳಿ, ನಾವು ಮೋಸ ಹೋದದ್ದು ಇಲ್ಲೇ.

ಆಂಪ್ಲಿಫೈಯರ್ ಆಗಿ ನಾವು ಆರಿಸಿದ್ದು ಎಲ್‌ಟಿ1028 ಎಂಬ ಆಪ್‌ಆಂಪ್ ಚಿಪ್. ಆರಿಸಿದ ಕಾರಣವೂ ಸರಿಯಾಗಿಯೇ ಇದೆ ಅನ್ನಿಸಿತ್ತು. ಅದರ ವೋಲ್ಟೇಜ್ ನಾಯ್ಸ್ 1 ಕಿಲೋಹರ್ಟ್ಜ್‌ನಲ್ಲಿ 0.85 ನ್ಯಾನೋವೋಲ್ಟ್. ಸಿಗುವ ಆಪ್‌ಆಂಪ್‌ಗಳಲ್ಲಿ ಅತಿ ಕಡಿಮೆ ಇರುವ ಕೆಲವೇ ಚಿಪ್‌ಗಳಲ್ಲಿ ಇದೂ ಒಂದು. ಇನ್‌ಪುಟ್ ಶಾರ್ಟ್ ಮಾಡಿ, ಒಟ್ಟು ಗೇನ್ ಸಾವಿರ ಇಟ್ಟು, ವೋಲ್ಟೇಜನ್ನು ಅಂಕಿಯಾಗಿಸುವ 24 ಬಿಟ್ ಎಡಿಸಿಯಲ್ಲಿ ದಾಖಲಿಸಿ, ಎಫ್‌ಎಫ್‌ಟಿ ತೆಗೆದರೆ, ಅಂದರೆ ಫ್ರೀಕ್ವೆನ್ಸಿವಾರು ಬಿಡಿಸಿ ನೋಡಿದರೆ, 1 ನ್ಯಾನೋವೋಲ್ಟ್ ಹತ್ತಿರವೇ ಬಂತು. ಎಲ್ಲರಿಗೂ ಖುಷಿ. ಆ ಗ್ರಾಫ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆವು. ಕಾಯಿಲ್ ಹಾಕಿದೆವು, 1 ಕಿಲೋಹರ್ಟ್ಜ್‌ನಲ್ಲಿ 150 ನ್ಯಾನೋವೋಲ್ಟ್!

50 ಹರ್ಟ್ಜ್ ಮೇಲೆ ಗುಮಾನಿ

ತಲೆಗೆ ಮೊದಲು ಬಂದದ್ದು ಕರೆಂಟ್ ಲೈನ್. ಬರಲೇಬೇಕು, ಅಲ್ವಾ? ಗ್ರಾಫ್ ತುಂಬ 50, 100, 150, 250 ಹರ್ಟ್ಜ್ ಮುಳ್ಳುಗಳು ಎದ್ದು ನಿಂತಿದ್ದವು. ಲ್ಯಾಬ್ ಇರುವುದು ಪೇಟೆ ಒಳಗೆ. ಕೆಳಗೆ ಅಂಗಡಿ ಸಾಲು, ಎದುರಿಗೆ ಟ್ರಾನ್ಸ್‌ಫಾರ್ಮರ್ ಕಂಬ. ಅದಕ್ಕೇ ಇಷ್ಟು ಗಲಾಟೆ ಎಂದುಕೊಂಡೆವು.

ಮೊದಲ ವಾರ ಪೂರ್ತಿ ಇದರ ಹಿಂದೆ ಹೋಯಿತು. ಅಡಾಪ್ಟರ್ ತೆಗೆದು ಎರಡು 12 ವೋಲ್ಟ್ ಬ್ಯಾಟರಿ ಹಾಕಿದೆವು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತೆವು. ಗ್ರೌಂಡ್ ತಂತಿಗಳನ್ನು ಒಂದೇ ಜಾಗಕ್ಕೆ ತಂದೆವು. ಕಾಯಿಲ್ ಸುತ್ತ ತಾಮ್ರದ ಹಾಳೆ ಸುತ್ತಿ ಗ್ರೌಂಡ್ ಮಾಡಿದೆವು. ಹಾಳೆಯ ಎರಡು ಅಂಚು ಒಂದಕ್ಕೊಂದು ಮುಟ್ಟದ ಹಾಗೆ ಉದ್ದಕ್ಕೂ ಸೀಳು ಬಿಡಬೇಕು. ಮುಟ್ಟಿದರೆ ಅದೇ ಒಂದು ಸುತ್ತಿನ ಕಾಯಿಲ್ ಆಗಿ, ನಾವು ಅಳೆಯಬೇಕಾದ ಕ್ಷೇತ್ರವನ್ನೇ ಎದುರಿಸಿ ನುಂಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಮುಳ್ಳುಗಳು ಕುಳ್ಳಗಾದವು. ಆದರೆ ಮುಳ್ಳುಗಳ ನಡುವಿನ ನೆಲ ಒಂದು ಕೂದಲೂ ಇಳಿಯಲಿಲ್ಲ.

ಗ್ರಾಫ್‌ನಲ್ಲಿ ನೋಡಬೇಕಾದದ್ದು ಆ ನೆಲವನ್ನೇ. ಮುಳ್ಳು ಅಂದರೆ ಹೊರಗಿನಿಂದ ಬಂದದ್ದು. ಅದಕ್ಕೆ ಒಂದು ಊರು, ಒಂದು ವಿಳಾಸ ಇರುತ್ತದೆ. ನಡುವಿನ ಅಗಲವಾದ, ನುಣುಪಾದ ಏರು ಅಂದರೆ ಬಹುಮಟ್ಟಿಗೆ ಸರ್ಕ್ಯೂಟ್ ಒಳಗಿನದು. ಎರಡೂ ಒಂದೇ ಗ್ರಾಫ್‌ನಲ್ಲಿ ಕಂಡರೂ ಬೇರೆ ಬೇರೆ ಕಾಯಿಲೆ.

ಆದರೂ ಹೊರಗಿನದಲ್ಲ ಎಂದು ಸಾಬೀತು ಮಾಡಬೇಕಲ್ಲ. ಕಾಂತಕ್ಷೇತ್ರ ತಡೆಯುವ ಮ್ಯೂ-ಮೆಟಲ್ ಡಬ್ಬಿ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಒಬ್ಬ ಹುಡುಗಿ ಮನೆಯಿಂದ ಮದುವೆ ಅಡುಗೆಯ ದಪ್ಪ ಅಲ್ಯೂಮಿನಿಯಂ ಪಾತ್ರೆಯನ್ನು ಮುಚ್ಚಳದ ಸಮೇತ ತಂದಳು. ಅವಳ ಆ ಯೋಚನೆ ಇಡೀ ಹುಡುಕಾಟದ ಒಳ್ಳೆಯ ಹೆಜ್ಜೆಗಳಲ್ಲಿ ಒಂದು. ಅಲ್ಯೂಮಿನಿಯಂ ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ಬದಲಾಗುವ ಕ್ಷೇತ್ರ ಅದರೊಳಗೆ ಸುಳಿ ಕರೆಂಟ್ ಎಬ್ಬಿಸುತ್ತದೆ, ಆ ಕರೆಂಟ್ ಕ್ಷೇತ್ರವನ್ನು ತಡೆಯುತ್ತದೆ. 1 ಕಿಲೋಹರ್ಟ್ಜ್‌ನಲ್ಲಿ ಕ್ಷೇತ್ರ ಅಲ್ಯೂಮಿನಿಯಂ ಒಳಗೆ 2.6 ಮಿಲಿಮೀಟರ್ ಇಳಿಯುವಷ್ಟರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟಾಗುತ್ತದೆ. 50 ಹರ್ಟ್ಜ್‌ಗೆ ಅದೇ ಕೆಲಸಕ್ಕೆ ಹನ್ನೊಂದೂವರೆ ಮಿಲಿಮೀಟರ್ ಬೇಕು. ಹಾಗಾಗಿ ಪಾತ್ರೆ 50 ಹರ್ಟ್ಜ್ ಅನ್ನು ಅಷ್ಟಾಗಿ ತಡೆಯಲಾರದು, 1 ಕಿಲೋಹರ್ಟ್ಜ್ ಅನ್ನು ಚೆನ್ನಾಗಿ ತಡೆಯುತ್ತದೆ.

ಕಾಯಿಲ್ ಅನ್ನು ಪಾತ್ರೆಯೊಳಗೆ ಗೋಡೆಗೆ ತಾಕದಂತೆ ತೂಗುಹಾಕಿ ಅಳೆದೆವು. 1 ಕಿಲೋಹರ್ಟ್ಜ್ ಸುತ್ತಲಿನ ಮುಳ್ಳುಗಳು ಕುಸಿದವು. ಏರು ಮಾತ್ರ ಇದ್ದಲ್ಲೇ ಇತ್ತು. ಅಂದರೆ ನಾಯ್ಸ್ ಹೊರಗಿನದಲ್ಲ.

ತಪ್ಪು ಉತ್ತರ ಕೊಟ್ಟ ಪರೀಕ್ಷೆ

ಹಾಗಾದರೆ ಕಾಯಿಲ್‌ನಲ್ಲೇ ದೋಷ ಇರಬಹುದೆ? ಸುತ್ತುಗಳು ಒಳಗೆ ಶಾರ್ಟ್ ಆಗಿರಬಹುದು, ತಂತಿ ಎಲ್ಲೋ ಅರ್ಧ ತುಂಡಾಗಿ ಬಿಟ್ಟು ಹಿಡಿದು ಮಾಡುತ್ತಿರಬಹುದು. ಇದನ್ನು ನೋಡಲು ಎಲ್ಲರೂ ಮಾಡುವ ಪರೀಕ್ಷೆಯನ್ನೇ ನಾವೂ ಮಾಡಿದೆವು. ಕಾಯಿಲ್ ತೆಗೆದು ಅದೇ ಬೆಲೆಯ ಮೆಟಲ್ ಫಿಲ್ಮ್ ರೆಸಿಸ್ಟರ್, ಅಂದರೆ 2.8 ಕಿಲೋ ಓಮ್, ಹಾಕಿದೆವು.

1 ಕಿಲೋಹರ್ಟ್ಜ್‌ನಲ್ಲಿ 7.4 ನ್ಯಾನೋವೋಲ್ಟ್ ಬಂತು. ಲೆಕ್ಕದ ಹತ್ತಿರವೇ ಇದೆ. ಸರಿ, ಆಂಪ್ಲಿಫೈಯರ್ ಚೆನ್ನಾಗಿದೆ, ಕಾಯಿಲ್ ಕೆಟ್ಟಿದೆ ಎಂದು ತೀರ್ಮಾನಿಸಿದೆವು. 20,000 ಸುತ್ತಿನ ಕಾಯಿಲ್ ಅನ್ನು ಎರಡನೇ ಸಲ ಸುತ್ತಿದೆವು! ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ ನಾಲ್ಕು ದಿನ ಹಿಡಿಯಿತು. ಹೊಸ ಕಾಯಿಲ್ ಹಾಕಿದರೆ ಮತ್ತೆ ಅದೇ ಏರು, ಅದೇ ತುದಿ. ಆ ಸಂಜೆ ಹುಡುಗರ ಮುಖ ನೋಡಲಾಗಲಿಲ್ಲ.

ಸುಳಿವು ಆಗಲೇ ಕಣ್ಣ ಮುಂದೆ ಇತ್ತು. ರೆಸಿಸ್ಟರ್ ಹಾಕಿದಾಗ 10 ಹರ್ಟ್ಜ್‌ನಲ್ಲಿ 7 ಇರಬೇಕಾದ ಕಡೆ 15 ನ್ಯಾನೋವೋಲ್ಟ್ ಬಂದಿತ್ತು. ಕೆಳ ಫ್ರೀಕ್ವೆನ್ಸಿಯಲ್ಲಿ ಎಲ್ಲ ಚಿಪ್‌ಗಳೂ ಸ್ವಲ್ಪ ಗಲಾಟೆ ಮಾಡುತ್ತವೆ ಎಂದು ಬಿಟ್ಟಿದ್ದೆವು. ಒಪ್ಪದ ಅಂಕಿಯನ್ನು ಹಾಗೆ ಬಿಡಬಾರದು. ಅದನ್ನು ದೊಡ್ಡದು ಮಾಡಿ ನೋಡಬೇಕು.

ದೊಡ್ಡದು ಮಾಡುವುದು ಹೇಗೆ? 2.8 ಕಿಲೋ ಓಮ್ ಜಾಗದಲ್ಲಿ 100 ಕಿಲೋ ಓಮ್ ಹಾಕಿ. ಅದರ ಸ್ವಂತ ನಾಯ್ಸ್ 41 ನ್ಯಾನೋವೋಲ್ಟ್. ಆಂಪ್ಲಿಫೈಯರ್ ನಿಜಕ್ಕೂ ಚೆನ್ನಾಗಿದ್ದರೆ 41 ಮಾತ್ರ ಬರಬೇಕು. ನಮಗೆ ಬಂದದ್ದು 108. ಇಷ್ಟು ಸುಲಭದ ಪರೀಕ್ಷೆ. ಐದು ನಿಮಿಷ, ಎರಡು ರೂಪಾಯಿಯ ರೆಸಿಸ್ಟರ್.

ಜಾಸ್ತಿ ಬಂದದ್ದರ ಲೆಕ್ಕ ಹೀಗೆ. ನಾಯ್ಸ್‌ಗಳನ್ನು ನೇರ ಕೂಡಿಸುವಂತಿಲ್ಲ, ವರ್ಗ ಮಾಡಿ ಕೂಡಿಸಬೇಕು. 108ರ ವರ್ಗದಲ್ಲಿ 41ರ ವರ್ಗ ಕಳೆದು ವರ್ಗಮೂಲ ತೆಗೆದರೆ 100. ನೂರು ನ್ಯಾನೋವೋಲ್ಟ್ ಅನ್ನು ನೂರು ಕಿಲೋ ಓಮ್‌ನಿಂದ ಭಾಗಿಸಿದರೆ 1 ಪಿಕೋಆಂಪಿಯರ್. ಎಲ್‌ಟಿ1028 ಡೇಟಾಶೀಟ್ ತೆಗೆದು ನೋಡಿದರೆ 1 ಕಿಲೋಹರ್ಟ್ಜ್‌ನಲ್ಲಿ ಕರೆಂಟ್ ನಾಯ್ಸ್ 1 ಪಿಕೋಆಂಪಿಯರ್ ಎಂದೇ ಬರೆದಿದೆ. 10 ಹರ್ಟ್ಜ್‌ನಲ್ಲಿ 4.7. ಚಿಪ್ ಕೆಟ್ಟಿರಲಿಲ್ಲ. ಅದು ಮಾಡುತ್ತೇನೆ ಎಂದು ಹೇಳಿದ್ದನ್ನೇ ಮಾಡುತ್ತಿತ್ತು.

ಏನಾಗುತ್ತಿತ್ತು

ಪ್ರತಿ ಆಂಪ್ಲಿಫೈಯರ್‌ಗೂ ಎರಡು ನಾಯ್ಸ್ ಇರುತ್ತದೆ. ಒಂದು ಅದರ ಬಾಯಲ್ಲಿ ಕೂತ ವೋಲ್ಟೇಜ್ ನಾಯ್ಸ್. ಇನ್ನೊಂದು ಬಾಯಿಂದ ಹೊರಕ್ಕೆ, ಸೆನ್ಸರ್ ಕಡೆಗೆ ಹರಿಯುವ ಕರೆಂಟ್ ನಾಯ್ಸ್. ಈ ಕರೆಂಟ್ ಸೆನ್ಸರ್‌ನ ಇಂಪೀಡೆನ್ಸ್, ಅಂದರೆ ಬದಲಾಗುವ ಕರೆಂಟ್‌ಗೆ ಅದು ಒಡ್ಡುವ ತಡೆಯ ಮೂಲಕ ಹಾದು ವೋಲ್ಟೇಜ್ ಆಗಿ ವಾಪಸ್ ಬರುತ್ತದೆ. ಇನ್‌ಪುಟ್ ಶಾರ್ಟ್ ಮಾಡಿದರೆ ಇಂಪೀಡೆನ್ಸ್ ಸೊನ್ನೆ, ಕರೆಂಟ್ ನಾಯ್ಸ್ ಪೂರ್ತಿ ಮಾಯ. ಗೋಡೆಗೆ ಅಂಟಿಸಿದ್ದ ಗ್ರಾಫ್ ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳುತ್ತಿತ್ತು.

ಕಾಯಿಲ್‌ನ ಇಂಪೀಡೆನ್ಸ್ ಎಂದರೆ ಬರೀ 2.8 ಕಿಲೋ ಓಮ್ ಅಲ್ಲ. 20 ಹೆನ್ರಿ ಇಂಡಕ್ಟೆನ್ಸ್ ಇದೆಯಲ್ಲ. ಅದು 10 ಹರ್ಟ್ಜ್‌ನಲ್ಲಿ 1.3 ಕಿಲೋ ಓಮ್, 100 ಹರ್ಟ್ಜ್‌ನಲ್ಲಿ 12.6 ಕಿಲೋ ಓಮ್, 1 ಕಿಲೋಹರ್ಟ್ಜ್‌ನಲ್ಲಿ 126 ಕಿಲೋ ಓಮ್. ರೆಸೊನೆನ್ಸ್ ಹತ್ತಿರ ಬಂದಂತೆ ಇನ್ನೂ ಮೇಲೆ. ಒಂದು ಪಿಕೋಆಂಪಿಯರ್ ಇದರ ಮೂಲಕ ಹರಿದರೆ 1 ಕಿಲೋಹರ್ಟ್ಜ್‌ನಲ್ಲಿ ಸುಮಾರು 150 ನ್ಯಾನೋವೋಲ್ಟ್. ನಮ್ಮ ಏರು ಇದೇ. ತುದಿ 2.5 ಕಿಲೋಹರ್ಟ್ಜ್‌ನಲ್ಲಿ ಯಾಕಿತ್ತು ಎನ್ನುವುದಕ್ಕೂ ಇದೇ ಉತ್ತರ.

2.8 ಕಿಲೋ ಓಮ್ ರೆಸಿಸ್ಟರ್ ಪರೀಕ್ಷೆ ಯಾಕೆ ದಾರಿ ತಪ್ಪಿಸಿತು ಎಂದು ಈಗ ಗೊತ್ತಾಗುತ್ತದೆ. ಅದು ಕಾಯಿಲ್‌ನ ಸ್ವಂತ ನಾಯ್ಸ್ ಎಷ್ಟೋ ಅಷ್ಟೇ ಕೊಟ್ಟಿತು. ಆದರೆ ಕಾಯಿಲ್‌ನ ಇಂಪೀಡೆನ್ಸ್ ಕೊಡಲಿಲ್ಲ. ಕಾಯಿಲ್ ಬದಲಿಗೆ ರೆಸಿಸ್ಟರ್ ಇಟ್ಟು ನೋಡುವವರು ಎರಡು ಸಲ ನೋಡಬೇಕು. ಒಮ್ಮೆ ಡಿಸಿ ಬೆಲೆಯಲ್ಲಿ, ಇನ್ನೊಮ್ಮೆ ನಿಮಗೆ ಬೇಕಾದ ಅತಿ ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಕಾಯಿಲ್ ತೋರುವ ಬೆಲೆಯಲ್ಲಿ.

ಇನ್ನೊಂದು ವಿಷಯ. ಈ ಬಗೆಯ ಚಿಪ್‌ಗಳ ಒಳಗೆ ಬಯಾಸ್ ಕರೆಂಟ್, ಅಂದರೆ ಇನ್‌ಪುಟ್‌ನಲ್ಲಿ ಸದಾ ಹರಿಯುವ ಸಣ್ಣ ಕರೆಂಟ್, ಅಳಿಸುವ ಸರ್ಕ್ಯೂಟ್ ಇರುತ್ತದೆ. ಬಯಾಸ್ ಕರೆಂಟ್ ಕೆಲವೇ ಹತ್ತು ನ್ಯಾನೋಆಂಪಿಯರ್ ಎಂದು ಕಾಣುತ್ತದೆ, ಅದನ್ನು ನೋಡಿ ಕರೆಂಟ್ ನಾಯ್ಸ್ ಕಡಿಮೆ ಇರಬಹುದು ಎಂದು ಊಹಿಸಬೇಡಿ. ಅಳಿಸುವ ಕರೆಂಟ್‌ಗೂ ತನ್ನದೇ ನಾಯ್ಸ್ ಇದೆ, ಅದು ಅಳಿಯುವುದಿಲ್ಲ.

ಪರಿಹಾರ, ಮತ್ತು ಅದು ತಂದ ಹೊಸ ದೋಷ

ಜೆಫೆಟ್. ಇದು ಒಂದು ಬಗೆಯ ಟ್ರಾನ್ಸಿಸ್ಟರ್. ಅದರ ಗೇಟ್‌ನಲ್ಲಿ, ಅಂದರೆ ಇನ್‌ಪುಟ್ ಕಾಲಿನಲ್ಲಿ, ಹರಿಯುವ ಕರೆಂಟ್ ತೀರಾ ಕಡಿಮೆ. 1 ನ್ಯಾನೋಆಂಪಿಯರ್ ಸೋರಿದರೂ ಅದರ ಶಾಟ್ ನಾಯ್ಸ್ (ಕರೆಂಟ್ ಕಣಕಣವಾಗಿ ಹರಿಯುವುದರಿಂದ ಬರುವ ನಾಯ್ಸ್) 18 ಫೆಮ್ಟೋಆಂಪಿಯರ್ ಮಾತ್ರ. 126 ಕಿಲೋ ಓಮ್‌ನಲ್ಲಿ ಅದು 2 ನ್ಯಾನೋವೋಲ್ಟ್ ಚಿಲ್ಲರೆ. ಒಳ್ಳೆಯ ಜೆಫೆಟ್ ಅಷ್ಟೂ ಸೋರುವುದಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಒಂದಿದೆ, ಗಟ್ಟಿಯಾಗಿ ಹೇಳುತ್ತೇನೆ. ವೋಲ್ಟೇಜ್ ನಾಯ್ಸ್ ಅಂಕಿ ಕಡಿಮೆ ಮಾಡುವ ಹುಚ್ಚು ಬಿಡಿ. ಕಾಯಿಲ್‌ನದ್ದೇ 6.8 ನ್ಯಾನೋವೋಲ್ಟ್ ಇರುವಾಗ ಆಂಪ್ಲಿಫೈಯರ್‌ನದು 3 ಇದ್ದರೂ ಒಟ್ಟು 7.4 ಆಗುತ್ತದೆ, ನೂರಕ್ಕೆ ಒಂಬತ್ತು ಮಾತ್ರ ಜಾಸ್ತಿ. ಅದನ್ನು 0.85ಕ್ಕೆ ಇಳಿಸಲು ಹೋಗಿ ಕರೆಂಟ್ ನಾಯ್ಸ್ ಎನ್ನುವ ಹುಲಿಯನ್ನು ಮನೆಗೆ ತಂದಿದ್ದೆವು. ಉಪಗ್ರಹದಲ್ಲಂತೂ ಇದಕ್ಕೆ ಇನ್ನೊಂದು ಬೆಲೆ ಇದೆ. ಜೆಫೆಟ್‌ನ ವೋಲ್ಟೇಜ್ ನಾಯ್ಸ್ ಇಳಿಸಬೇಕಾದರೆ ಅದರಲ್ಲಿ ಕರೆಂಟ್ ಜಾಸ್ತಿ ಹರಿಸಬೇಕು. ಮೂರು ಅಕ್ಷಕ್ಕೆ ಮೂರು ಆಂಪ್ಲಿಫೈಯರ್. ಒಂದೊಂದು ಮಿಲಿವಾಟ್‌ಗೂ ಲೆಕ್ಕ ಕೊಡಬೇಕಾದ ಜಾಗ ಅದು.

ನಾವು 2ಎಸ್‌ಕೆ170 ಎಂಬ ಜೆಫೆಟ್ ಹಾಕಿದೆವು. ಈ ಹೆಸರಿನಲ್ಲಿ ನಕಲಿ ಮಾಲು ಬೇಕಾದಷ್ಟು ಓಡಾಡುತ್ತದೆ, ಆದ್ದರಿಂದ ಮೊದಲು 100 ಕಿಲೋ ಓಮ್ ಪರೀಕ್ಷೆ ಮಾಡಿ, ಶಾರ್ಟ್ ಪರೀಕ್ಷೆಯನ್ನೂ ಮಾಡಿ, ಆಮೇಲೆ ಬೋರ್ಡ್‌ಗೆ ಸೋಲ್ಡರ್ ಮಾಡಿ. ನಮ್ಮದರಲ್ಲಿ 100 ಕಿಲೋ ಓಮ್‌ಗೆ 41 ಬಂತು. ಕಾಯಿಲ್ ಹಾಕಿದೆವು. 1 ಕಿಲೋಹರ್ಟ್ಜ್‌ನಲ್ಲಿ 150 ಇದ್ದದ್ದು 10ಕ್ಕಿಂತ ಕೆಳಗೆ ಇಳಿಯಿತು. ಯಾರೂ ಮಾತಾಡಲಿಲ್ಲ, ಎಲ್ಲರೂ ಸುಮ್ನೆ ಗ್ರಾಫ್ ನೋಡುತ್ತ ನಿಂತಿದ್ದೆವು.

ಆದರೆ ತುದಿ ಜಾಗ ಬದಲಿಸಿತ್ತು. 2.5 ಕಿಲೋಹರ್ಟ್ಜ್‌ನಲ್ಲಿ ಇದ್ದ ರೆಸೊನೆನ್ಸ್ 1.9ಕ್ಕೆ ಇಳಿದಿತ್ತು. ಇದನ್ನು ನೋಡಿ ಕಾಯಿಲ್ ಹಾಳಾಯಿತು ಎಂದು ಹೆದರುವುದು ಬೇಡ. ರೆಸೊನೆನ್ಸ್ ಇಳಿದರೆ ಕೆಪಾಸಿಟೆನ್ಸ್ ಸೇರಿದೆ ಎಂದರ್ಥ. ಎಷ್ಟು ಎಂದು ಲೆಕ್ಕ ಹಾಕಿದರೆ 150 ಪಿಕೋಫ್ಯಾರಡ್. ಜೆಫೆಟ್‌ನ ಗೇಟ್‌ಗೂ ಡ್ರೇನ್ ಎಂಬ ಔಟ್‌ಪುಟ್ ಕಾಲಿಗೂ ನಡುವೆ ಇರುವುದು 6 ಪಿಕೋಫ್ಯಾರಡ್ ಮಾತ್ರ. ಆದರೆ ಡ್ರೇನ್ ಇಪ್ಪತ್ತು ಪಟ್ಟು ಗೇನ್‌ನಲ್ಲಿ ಎದುರು ದಿಕ್ಕಿಗೆ ಅಲುಗುತ್ತಿರುವುದರಿಂದ ಆ 6 ಪಿಕೋಫ್ಯಾರಡ್ ಗೇಟ್ ಕಡೆಗೆ ಇಪ್ಪತ್ತೊಂದು ಪಟ್ಟಾಗಿ ಕಾಣುತ್ತದೆ. ಮಿಲ್ಲರ್ ಪರಿಣಾಮ ಎನ್ನುವುದು ಇದನ್ನೇ. ಜೆಫೆಟ್ ತಲೆಯ ಮೇಲೆ ಇನ್ನೊಂದು ಟ್ರಾನ್ಸಿಸ್ಟರ್ ಕೂರಿಸಿ, ಅಂದರೆ ಕ್ಯಾಸ್ಕೋಡ್ ಮಾಡಿ, ಡ್ರೇನ್ ಅಲುಗದಂತೆ ಹಿಡಿದರೆ ಸರಿಹೋಗುತ್ತದೆ. ನಮ್ಮದು 2.3ಕ್ಕೆ ವಾಪಸ್ ಬಂತು.

ಪ್ರೀಆಂಪ್ ಅನ್ನು ಕಾಯಿಲ್ ಪಕ್ಕದಲ್ಲೇ ಇಡಬೇಕು ಎನ್ನುವುದಕ್ಕೂ ಇದೇ ಕಾರಣ. ಸಾಮಾನ್ಯ ಕೋಆಕ್ಸ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. 6 ಮೀಟರ್ ಕೇಬಲ್ ಎಳೆದು ಆಚೆ ತುದಿಯಲ್ಲಿ ಆಂಪ್ಲಿಫೈಯರ್ ಇಟ್ಟರೆ ನಮ್ಮ ಕಾಯಿಲ್‌ನ ರೆಸೊನೆನ್ಸ್ 1.25 ಕಿಲೋಹರ್ಟ್ಜ್‌ಗೆ ಬಿದ್ದುಹೋಗುತ್ತದೆ.

ಬೇರೆ ಲಕ್ಷಣ, ಬೇರೆ ಕಾರಣ

ನಿಮ್ಮ ದೋಷ ನಮ್ಮದರಂತೆಯೇ ಇರಬೇಕೆಂದಿಲ್ಲ. ದಾರಿಯಲ್ಲಿ ಸಿಕ್ಕ ಇನ್ನು ಕೆಲವನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಬೋರ್ಡನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ. ಗ್ರಾಫ್ ಎಗರಿದರೆ ಸಿಗ್ನಲ್ ದಾರಿಯಲ್ಲಿ ಎಕ್ಸ್7ಆರ್ ಸೆರಾಮಿಕ್ ಕೆಪಾಸಿಟರ್ ಇದೆಯೇ ನೋಡಿ. ಅದು ಅದುಮಿದರೆ ವೋಲ್ಟೇಜ್ ಕೊಡುತ್ತದೆ. ಸಿ0ಜಿ ಅಥವಾ ಫಿಲ್ಮ್ ಕೆಪಾಸಿಟರ್ ಹಾಕಿ. ಕೇಬಲ್ ಅಲುಗಿಸಿದಾಗ ಎಗರಿದರೆ ಕೇಬಲ್ ಕಟ್ಟಿಹಾಕಿ.

ನಾಯ್ಸ್ ಮಳೆಗಾಲದಲ್ಲಿ ಮಾತ್ರ ಏರಿದರೆ ಸೋಲ್ಡರ್ ಫ್ಲಕ್ಸ್ ತೊಳೆದಿಲ್ಲ ಎಂದರ್ಥ. ಜೆಫೆಟ್ ಗೇಟ್ ಸುತ್ತ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತಿಕ್ಕಿ ತೊಳೆಯಿರಿ.

ಔಟ್‌ಪುಟ್‌ಗೆ ಹೆಡ್‌ಫೋನ್ ಹಾಕಿದರೆ ಮಾತು, ಹಾಡು ಕೇಳಿಸಿದರೆ ಅದು ಮೀಡಿಯಂ ವೇವ್ ರೇಡಿಯೋ. ನಮಗೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್ ಸ್ಪಷ್ಟವಾಗಿ ಕೇಳಿಸಿತು. ಉದ್ದದ ತಂತಿ ಆಂಟೆನಾ ಆಗಿ, ಮೊದಲ ಟ್ರಾನ್ಸಿಸ್ಟರ್ ಡಯೋಡ್‌ನಂತೆ ಕೆಲಸ ಮಾಡಿ ಹೀಗಾಗುತ್ತದೆ. ಇನ್‌ಪುಟ್‌ನಲ್ಲಿ ಫೆರೈಟ್ ಮಣಿ ಪೋಣಿಸಿ. ರೆಸಿಸ್ಟರ್ ಹಾಕಬೇಡಿ, ಅದು ತನ್ನ ನಾಯ್ಸ್ ಸೇರಿಸುತ್ತದೆ.

ನಾಯ್ಸ್ ಮೆಟ್ಟಿಲಿನಂತೆ ಹತ್ತಿ ಇಳಿಯುತ್ತಿದ್ದರೆ, ಅಂದರೆ ಎರಡು ಮಟ್ಟಗಳ ನಡುವೆ ಜಿಗಿಯುತ್ತಿದ್ದರೆ, ಅದು ಪಾಪ್‌ಕಾರ್ನ್ ನಾಯ್ಸ್. ಚಿಪ್ ಬದಲಿಸುವುದು ಬಿಟ್ಟು ಬೇರೆ ಔಷಧಿ ಇಲ್ಲ.

ಫ್ಲಕ್ಸ್ ಫೀಡ್‌ಬ್ಯಾಕ್ ಸುತ್ತು, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ಕೋರ್‌ಗೆ ವಾಪಸ್ ಕೊಡುವ ಇನ್ನೊಂದು ಸುತ್ತು ತಂತಿ, ಹಾಕಿದ ಕೂಡಲೇ ಔಟ್‌ಪುಟ್ ಕಿರುಚಿದರೆ ಆ ಸುತ್ತಿನ ಎರಡು ತುದಿ ಅದಲು ಬದಲು ಮಾಡಿ. ನೂರಕ್ಕೆ ತೊಂಬತ್ತು ಸಲ ಅದೇ ಇರುತ್ತದೆ.

ಮೇಲೆ ಹೋದ ಮೇಲೆ

ಬಾಹ್ಯಾಕಾಶದಲ್ಲಿ 50 ಹರ್ಟ್ಜ್ ಕಂಬಗಳಿಲ್ಲ. ಆದರೆ ನೌಕೆಯೇ ಒಂದು ಪೇಟೆ. ಸ್ವಿಚಿಂಗ್ ಪವರ್ ಸಪ್ಲೈ, ನೌಕೆಯ ದಿಕ್ಕು ಬದಲಿಸಲು ತಿರುಗುವ ರಿಯಾಕ್ಷನ್ ವೀಲ್, ಸೋಲಾರ್ ಪ್ಯಾನೆಲ್‌ನ ಕರೆಂಟ್, ಎಲ್ಲವೂ ಕ್ಷೇತ್ರ ಹುಟ್ಟಿಸುತ್ತವೆ. ನಮ್ಮ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಪ್ಯಾನೆಲ್ ತಂತಿ ಎಬ್ಬಿಸುವ ಕ್ಷೇತ್ರದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಪಗ್ರಹದಲ್ಲಿ ಪ್ರತಿ ಸಾಲಿನ ಕರೆಂಟ್ ಹೋದ ದಾರಿಯ ಬೆನ್ನಿಗೇ ವಾಪಸ್ ತಂತಿ ಎಳೆದು ಎರಡರ ಕ್ಷೇತ್ರವನ್ನು ಒಂದಕ್ಕೊಂದು ಅಳಿಸಬೇಕಾಗುತ್ತದೆ.

ಅಷ್ಟು ಮಾಡಿದರೂ ಸಾಲದು, ಸೆನ್ಸರ್ ಅನ್ನು ದೂರ ಇಡಬೇಕು. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ತನ್ನ 6 ಮೀಟರ್ ತೋಳನ್ನು 132 ದಿನ ಮಡಚಿಟ್ಟುಕೊಂಡಿದ್ದು, 2024ರ ಜನವರಿ 11ರಂದು ಚಾಚಿತು. ಅದರ ಮೇಲೆ 3 ಮೀಟರ್‌ನಲ್ಲಿ ಒಂದು, 6 ಮೀಟರ್‌ನಲ್ಲಿ ಒಂದು ಸೆನ್ಸರ್. ಎರಡು ಯಾಕೆ ಎಂದರೆ, ನೌಕೆಯ ಕ್ಷೇತ್ರ ದೂರ ಹೋದಂತೆ ಬೇಗ ಕಡಿಮೆಯಾಗುತ್ತದೆ, ಸೂರ್ಯನ ಕಡೆಯಿಂದ ಬರುವ ಕ್ಷೇತ್ರ ಎರಡೂ ಕಡೆ ಒಂದೇ. ವ್ಯತ್ಯಾಸ ನೋಡಿದರೆ ನೌಕೆಯ ಪಾಲು ಗೊತ್ತಾಗುತ್ತದೆ. ದೋಷ ಹುಡುಕುವ ಕೆಲಸವನ್ನು ವಿನ್ಯಾಸದೊಳಗೇ ಇಟ್ಟಿದ್ದಾರೆ. ನನಗೆ ಇದು ತುಂಬ ಇಷ್ಟ.

ಜೆಫೆಟ್‌ಗೆ ಅಲ್ಲಿ ಎರಡು ಶತ್ರು. ಗೇಟ್ ಸೋರಿಕೆ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಎರಡು ಪಟ್ಟಾಗುತ್ತದೆ. ವಿಕಿರಣ ತಗುಲಿದರೂ ಏರುತ್ತದೆ. ಅದಕ್ಕಾಗಿ ನೆಲದ ಮೇಲೆ ಪರೀಕ್ಷಿಸುವಾಗ ಬೋರ್ಡನ್ನು 60 ಡಿಗ್ರಿಗೆ ಕಾಯಿಸಿ ಮತ್ತೆ 100 ಕಿಲೋ ಓಮ್ ಹಾಕಿ ಅಳೆಯಿರಿ. ಶಾರ್ಟ್ ಪರೀಕ್ಷೆಯಲ್ಲಿ ಈ ಬದಲಾವಣೆಯೂ ಕಾಣುವುದಿಲ್ಲ.

ಗುಬ್ಬಿಯ ತೋಟದಲ್ಲಿ

ಕೊನೆಯ ಪರೀಕ್ಷೆಗೆ ನಿಜವಾದ ಸಿಗ್ನಲ್ ಬೇಕಿತ್ತು. ಅದಕ್ಕೆ ಭೂಮಿಯೇ ಒಂದು ಕೊಟ್ಟಿದೆ. ಪ್ರಪಂಚದ ಎಲ್ಲೆಡೆ ಬೀಳುವ ಸಿಡಿಲು, ನೆಲಕ್ಕೂ ಅಯಾನುಗೋಳಕ್ಕೂ ನಡುವಿನ ಪೊಳ್ಳನ್ನು ಗಂಟೆಯಂತೆ ಬಾರಿಸುತ್ತಲೇ ಇರುತ್ತದೆ. 1952ರಲ್ಲಿ ಜರ್ಮನ್ ಭೌತವಿಜ್ಞಾನಿ ಶೂಮಾನ್ ಲೆಕ್ಕ ಹಾಕಿ ಹೇಳಿದ ಸ್ವರಗಳು ಇವು. ಮೊದಲನೆಯದು 7.8 ಹರ್ಟ್ಜ್, ಎರಡನೆಯದು 14ರ ಹತ್ತಿರ, ಮೂರನೆಯದು 20ರ ಹತ್ತಿರ. ಬಲ ಸುಮಾರು 1 ಪಿಕೋಟೆಸ್ಲಾ. ನಮ್ಮ ಲೆಕ್ಕದಂತೆ ಸೆನ್ಸರ್‌ನ ನೆಲ 10 ಹರ್ಟ್ಜ್‌ನಲ್ಲಿ ಅರ್ಧ ಪಿಕೋಟೆಸ್ಲಾ. ಕಂಡರೆ ಕಾಣಬೇಕು. ಹಳೆಯ ಚಿಪ್‌ನಲ್ಲಿ ಅದು ಮುಳುಗಿಹೋಗುತ್ತಿತ್ತು.

ಗುಬ್ಬಿ ಕಡೆ ಪರಿಚಯದವರ ತೆಂಗಿನ ತೋಟಕ್ಕೆ ಹೋದೆವು. ತ್ರೀ ಫೇಸ್ ಕರೆಂಟ್ ಇರುವ ಹೊತ್ತಿನಲ್ಲಿ ಸುತ್ತಲಿನ ಬೋರ್‌ವೆಲ್ ಮೋಟಾರುಗಳು ಓಡುತ್ತಿರುತ್ತವೆ, ಆಗ ಅಳೆಯುವುದು ದಂಡ. ಕರೆಂಟ್ ಹೋಗುವವರೆಗೆ ಕಾದೆವು. ಕಾಯಿಲ್ ಅನ್ನು ಪೂರ್ವ ಪಶ್ಚಿಮವಾಗಿ ಹಲಗೆಯ ಮೇಲೆ ಮಲಗಿಸಿದೆವು. ಬ್ಯಾಟರಿ ಮಾತ್ರ, ಫೋನ್‌ಗಳೆಲ್ಲ ದೂರ.

ಮೊದಲ ಅರ್ಧ ಗಂಟೆಯ ದಾಖಲೆ ಹಾಳು. 10 ಹರ್ಟ್ಜ್ ಕೆಳಗೆ ಪೂರ್ತಿ ಗಲಾಟೆ. ಮತ್ತೆ ಸರ್ಕ್ಯೂಟ್ ದೋಷವೇ ಎಂದು ಒಬ್ಬನ ಮುಖ ಬಾಡಿತು. ತಲೆ ಎತ್ತಿದರೆ ತೆಂಗಿನ ಗರಿಗಳು ಗಾಳಿಗೆ ಹೊಯ್ದಾಡುತ್ತಿದ್ದವು. ಲೆಕ್ಕ ಹಾಕಿದೆವು. ಇಲ್ಲಿ ಭೂಮಿಯ ಕ್ಷೇತ್ರ ಹೆಚ್ಚುಕಡಿಮೆ ಮಲಗಿದಂತೆ ಉತ್ತರಕ್ಕೆ ಇದೆ. ಪೂರ್ವ ಪಶ್ಚಿಮ ಇಟ್ಟ ಕಾಯಿಲ್ ಒಂದು ರೇಡಿಯನ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು ತಿರುಗಿದರೂ 40 ಪಿಕೋಟೆಸ್ಲಾ ಒಳಗೆ ಬರುತ್ತದೆ. ಹಲಗೆಯ ಮೇಲಿನ ಕಾಯಿಲ್‌ಗೆ ಅಷ್ಟು ತಿರುಗಲು ಸಣ್ಣ ಗಾಳಿ ಸಾಕು.

ಗುದ್ದಲಿ ತರಿಸಿ ಮೊಳದುದ್ದ ಗುಂಡಿ ತೋಡಿದೆವು. ಕಾಯಿಲ್ ಅನ್ನು ಪಿವಿಸಿ ಪೈಪ್‌ನಲ್ಲಿ ಹಾಕಿ ಉತ್ತರ ದಕ್ಷಿಣಕ್ಕೆ ತಿರುಗಿಸಿ ಹೂತೆವು. ಆ ದಿಕ್ಕಿನಲ್ಲಿ ಸಣ್ಣ ಅಲುಗಾಟದ ಪರಿಣಾಮ ಕಡಿಮೆ. ಮೇಲೆ ಮಣ್ಣು ಮುಚ್ಚಿ ಕಾಲಿನಿಂದ ತುಳಿದು ಗಟ್ಟಿ ಮಾಡಿ, ಎಲ್ಲರೂ ಪಂಪ್ ಹೌಸ್ ಆಚೆಗೆ ಹೋಗಿ ಕೂತೆವು. ನಡೆದಾಡಿದರೂ ಗೊತ್ತಾಗುತ್ತದೆ ಎಂದು ಯಾರೂ ಏಳಲಿಲ್ಲ. ನಲವತ್ತು ನಿಮಿಷ ದಾಖಲಿಸಿ, ಸಣ್ಣ ತುಂಡುಗಳಾಗಿ ಕತ್ತರಿಸಿ, ಎಲ್ಲದರ ಸರಾಸರಿ ತೆಗೆದೆವು.

50 ಹರ್ಟ್ಜ್ ಮುಳ್ಳು ಅಲ್ಲೂ ಇತ್ತು, ದೂರದ ಲೈನ್‌ಗಳದ್ದು. ಅದರ ಎಡಕ್ಕೆ, 8ರ ಹತ್ತಿರ ಒಂದು ಸಣ್ಣ ದಿಬ್ಬ. 14ರಲ್ಲಿ ಇನ್ನೊಂದು. 20ರದ್ದು ಇದೆಯೋ ಇಲ್ಲವೋ ಎನ್ನುವಷ್ಟು ತೆಳು. 3 ಹರ್ಟ್ಜ್ ಕೆಳಗೆ ಇನ್ನೂ ಗಲಾಟೆ ಇದೆ. ಅದು ಗಾಳಿಯದೋ ಜೆಫೆಟ್‌ನದೋ ಎಂದು ಬೇರ್ಪಡಿಸಲು ಎರಡನೇ ಕಾಯಿಲ್ ಅನ್ನು, ನಾಲ್ಕು ದಿನ ಕೂತು ಸುತ್ತಿದ್ದ ಅದೇ ಕಾಯಿಲ್ ಅನ್ನು, ಅದರದೇ ಪ್ರೀಆಂಪ್ ಜೊತೆ ಹತ್ತು ಮೀಟರ್ ದೂರದಲ್ಲಿ ಹೂಳುತ್ತಿದ್ದೇವೆ. ಎರಡರಲ್ಲೂ ಒಟ್ಟಿಗೆ ಬಂದದ್ದು ಭೂಮಿಯದು. ಒಂದರಲ್ಲಿ ಮಾತ್ರ ಬಂದದ್ದು ನಮ್ಮದು.